ದೀಪಮಾಲೆ ಓಡಿಸುವ ಫಲಕ: ಕಟ್ಟುವುದು ಹೇಗೆ, ಕೆಟ್ಟರೆ ದೋಷ ಹುಡುಕುವುದು ಹೇಗೆ?

ಬೆಂಗಳೂರು: ಗಣೇಶನ ಹಬ್ಬದಲ್ಲಿ ಆರಂಭವಾಗಿ ದಸರಾ, ದೀಪಾವಳಿ, ರಾಜ್ಯೋತ್ಸವಗಳನ್ನು ದಾಟಿ ಊರ ಜಾತ್ರೆಗಳವರೆಗೆ ರಾಜ್ಯದ ಬೀದಿಗಳಲ್ಲಿ ಬಣ್ಣದ ದೀಪಮಾಲೆಗಳು ಓಡುತ್ತಲೇ ಇರುತ್ತವೆ. ಜನರ ಬಾಯಲ್ಲಿ ಇವು ‘ಸೀರಿಯಲ್ ಸೆಟ್’. ದೀಪಗಳು ಒಂದರ ಹಿಂದೊಂದು ಓಡಿದಂತೆ ಕಾಣಲು ಕಾರಣ, ತಂತಿಯ ತುದಿಯಲ್ಲಿರುವ ಸಣ್ಣದೊಂದು ಪೆಟ್ಟಿಗೆ. ಅದರೊಳಗಿರುವುದು ಅಂಗೈಯಗಲದ ಎಲೆಕ್ಟ್ರಾನಿಕ್ ಫಲಕ.

ಪೆಟ್ಟಿಗೆ ಕೆಟ್ಟರೆ ಬಹುತೇಕರು ಅದನ್ನು ಎಸೆದು ಹೊಸದನ್ನು ತರುತ್ತಾರೆ. ಕೆಲವರು ಮುಚ್ಚಳ ಬಿಚ್ಚಿ, ಪ್ಲಗ್ ಗೋಡೆಯಲ್ಲಿರುವಾಗಲೇ ತಂತಿಗಳನ್ನು ಅಲುಗಾಡಿಸಿ ನೋಡುತ್ತಾರೆ. ಅಪಾಯ ಕಾದಿರುವುದು ಇಲ್ಲಿಯೇ. ಅಗ್ಗದ ಅನೇಕ ಪೆಟ್ಟಿಗೆಗಳಲ್ಲಿ ಒಳಗಿನ ಪ್ರತಿಯೊಂದು ಬಿಂದುವೂ ಮನೆಯ 230 ವೋಲ್ಟ್ ವಿದ್ಯುತ್ತಿಗೆ ನೇರವಾಗಿ ಅಂಟಿಕೊಂಡಿರುತ್ತದೆ. ದೀಪ ಆರಿರುವ ಕ್ಷಣದಲ್ಲಿಯೂ ತಂತಿ ನಿರ್ಜೀವವಾಗಿರುವುದಿಲ್ಲ.

ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಿಗೆ ಈ ಫಲಕ ಹೊಸದಲ್ಲ. ಪಾಲಿಟೆಕ್ನಿಕ್ ಹಾಗೂ ಐಟಿಐ ವಿದ್ಯಾರ್ಥಿಗಳು ಪ್ರಾಜೆಕ್ಟ್ ಎಂದು ಕಟ್ಟುವ ಮೊದಲ ಕೆಲವು ಸರ್ಕ್ಯೂಟುಗಳಲ್ಲಿ ಇದೂ ಒಂದು. ಸರಿಯಾದ ಕ್ರಮದಲ್ಲಿ ಕಟ್ಟಿದರೆ ಇದು ಸುರಕ್ಷಿತವೂ ಹೌದು, ಕೆಟ್ಟಾಗ ದುರಸ್ತಿಗೆ ಸುಲಭವೂ ಹೌದು. ನಾಲ್ಕು ಸಾಲು ದೀಪಗಳನ್ನು ಓಡಿಸುವ ಇಂಥದೊಂದು ಫಲಕದ ಒಳಗುಟ್ಟು ಇಲ್ಲಿದೆ.

ಎರಡು ಭಾಗ, ನಡುವೆ ಒಂದು ಗಡಿ

ವಾಸ್ತವದಲ್ಲಿ ಯಾವ ದೀಪವೂ ಓಡುವುದಿಲ್ಲ. ನಾಲ್ಕು ಮಾಲೆಗಳನ್ನು ಒಂದರೊಡನೊಂದು ಹೆಣೆದಿರುತ್ತಾರೆ. ಮೊದಲನೆಯ ಮಾಲೆಯ ಒಂದು ದೀಪ, ಅದರ ಪಕ್ಕ ಎರಡನೆಯ ಮಾಲೆಯದು, ಬಳಿಕ ಮೂರನೆಯದು, ನಾಲ್ಕನೆಯದು, ಮತ್ತೆ ಮೊದಲನೆಯದು. ಈ ನಾಲ್ಕು ಮಾಲೆಗಳನ್ನು ಸರದಿಯ ಪ್ರಕಾರ ಬೆಳಗಿಸಿ ಆರಿಸಿದರೆ ಬೆಳಕು ಮುಂದಕ್ಕೆ ಸರಿದಂತೆ ಕಣ್ಣಿಗೆ ತೋರುತ್ತದೆ.

ಈ ಸರದಿಯನ್ನು ನಿರ್ಧರಿಸುವುದು ಫಲಕದ ಮೊದಲ ಭಾಗ. ಇದು ಕೇವಲ 12 ವೋಲ್ಟ್ ನೇರ ವಿದ್ಯುತ್ತಿನಲ್ಲಿ ನಡೆಯುತ್ತದೆ. ಎರಡನೆಯ ಭಾಗ 230 ವೋಲ್ಟಿನದು. ಮೊದಲ ಭಾಗ ಹೇಳಿದಾಗ ದೀಪಗಳಿಗೆ ವಿದ್ಯುತ್ ಹರಿಸುವುದು ಇದರ ಕೆಲಸ. ಇವೆರಡರ ನಡುವೆ ತಂತಿಯ ಸಂಬಂಧವೇ ಇರಕೂಡದು. ಸಂದೇಶ ದಾಟಬೇಕು, ವಿದ್ಯುತ್ ದಾಟಬಾರದು. ಒಳ್ಳೆಯ ಫಲಕಕ್ಕೂ ಅಪಾಯಕಾರಿ ಫಲಕಕ್ಕೂ ಇರುವ ವ್ಯತ್ಯಾಸ ಈ ಗಡಿಯಲ್ಲಿದೆ. ಜೋಡಣೆಯ ಕ್ರಮವಾಗಲಿ, ದೋಷ ಹುಡುಕುವ ಕ್ರಮವಾಗಲಿ ಈ ಗಡಿಯನ್ನೇ ಅನುಸರಿಸುತ್ತದೆ.

ತಾಳ ಹಾಕುವ ಚಿಪ್, ಎಣಿಸುವ ಚಿಪ್

ಮೊದಲ ಭಾಗದಲ್ಲಿ ಎರಡು ಐಸಿಗಳಿವೆ. ಒಂದು 555. ಸ್ವಿಟ್ಜರ್ಲೆಂಡ್ ಮೂಲದ ಹ್ಯಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ಅಮೆರಿಕದ ಸಿಗ್ನೆಟಿಕ್ಸ್ ಕಂಪನಿಗಾಗಿ ಇದನ್ನು ವಿನ್ಯಾಸಗೊಳಿಸಿದರು. 1972ರಲ್ಲಿ ಮಾರುಕಟ್ಟೆಗೆ ಬಂದ ಈ ಎಂಟು ಕಾಲಿನ ಚಿಪ್ ಅರ್ಧ ಶತಮಾನ ದಾಟಿದರೂ ಬಳಕೆಯಲ್ಲಿದೆ. ಇಲ್ಲಿ ಅದರ ಕೆಲಸ ತಾಳ ಹಾಕುವುದು. ಒಂದು ಕೆಪಾಸಿಟರ್ ತುಂಬುವುದಕ್ಕೂ ಬರಿದಾಗುವುದಕ್ಕೂ ಹಿಡಿಯುವ ಸಮಯವನ್ನು ಆಧರಿಸಿ ಅದು ನಿಯಮಿತವಾಗಿ ಮಿಡಿತಗಳನ್ನು ಹೊರಡಿಸುತ್ತದೆ.

ಇನ್ನೊಂದು ಸಿಡಿ 4017. ಹದಿನಾರು ಕಾಲಿನ ಈ ಚಿಪ್ ಹತ್ತರವರೆಗೆ ಎಣಿಸಬಲ್ಲದು. 555ರಿಂದ ಒಂದೊಂದು ಮಿಡಿತ ಬಂದಾಗಲೂ ಇದು ಒಂದು ಔಟ್‌ಪುಟ್ ಆರಿಸಿ ಮುಂದಿನದನ್ನು ಎಬ್ಬಿಸುತ್ತದೆ. ನಾಲ್ಕೇ ಮಾಲೆ ಸಾಕಾದ್ದರಿಂದ ಐದನೆಯ ಔಟ್‌ಪುಟ್ ಆದ 10ನೇ ಕಾಲನ್ನು ರಿಸೆಟ್ ಆದ 15ನೇ ಕಾಲಿಗೆ ಜೋಡಿಸುತ್ತಾರೆ. ಎಣಿಕೆ ಐದಕ್ಕೆ ಬಂದೊಡನೆ ಚಿಪ್ ತಾನಾಗಿಯೇ ಮೊದಲಿಗೆ ಮರಳುತ್ತದೆ.

ವೇಗದ ಲೆಕ್ಕವೂ ಸರಳ. 1.44 ಎಂಬ ಸಂಖ್ಯೆಯನ್ನು, ಮೊದಲ ರೆಸಿಸ್ಟರ್ ಹಾಗೂ ಎರಡನೆಯದರ ಇಮ್ಮಡಿ ಇವೆರಡರ ಮೊತ್ತವನ್ನು ಕೆಪಾಸಿಟರಿನಿಂದ ಗುಣಿಸಿ ಬಂದ ಸಂಖ್ಯೆಯಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮಿಡಿತ ಎಂಬುದು ದೊರೆಯುತ್ತದೆ. ಮೊದಲನೆಯದು 10 ಕಿಲೊಓಂ, ಕೆಪಾಸಿಟರ್ 10 ಮೈಕ್ರೊಫ್ಯಾರಡ್ ಇರಲಿ. ಎರಡನೆಯ ಸ್ಥಾನದಲ್ಲಿ 10 ಕಿಲೊಓಂ ರೆಸಿಸ್ಟರಿನೊಡನೆ 100 ಕಿಲೊಓಂನ ತಿರುಗಿಸುವ ಪಾಟ್ ಒಂದನ್ನು ಸರಣಿಯಲ್ಲಿ ಇಟ್ಟರೆ, ವೇಗವನ್ನು ಸೆಕೆಂಡಿಗೆ ಸುಮಾರು 4.8 ಹೆಜ್ಜೆಯಿಂದ 1.6 ಸೆಕೆಂಡಿಗೆ ಒಂದು ಹೆಜ್ಜೆಯವರೆಗೆ ಬದಲಿಸಬಹುದು. ಹಬ್ಬದ ಅಲಂಕಾರಕ್ಕೆ ಇಷ್ಟು ವ್ಯಾಪ್ತಿ ಸಾಕು.

ಬೆಳಕೇ ದೂತ

4017ರ ಔಟ್‌ಪುಟ್ ದುರ್ಬಲ. ಅದಕ್ಕೆ ಬೆಂಬಲವಾಗಿ ಪ್ರತಿ ಸಾಲಿಗೂ ಬಿಸಿ 547 ಟ್ರಾನ್ಸಿಸ್ಟರ್ ಒಂದಿರುತ್ತದೆ. ಅದು ಎಂಓಸಿ 3063 ಎಂಬ ಆಪ್ಟೊಕಪ್ಲರನ್ನು ನಡೆಸುತ್ತದೆ. ಮೇಲೆ ಹೇಳಿದ ಗಡಿಯನ್ನು ಕಾಯುವುದು ಈ ಆಪ್ಟೊಕಪ್ಲರ್. ಆರು ಕಾಲಿನ ಕರಿಯ ಅಥವಾ ಬಿಳಿಯ ಪೊಟ್ಟಣದೊಳಗೆ ಒಂದು ಬದಿಯಲ್ಲಿ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಸೂಸುವ ಎಲ್‌ಇಡಿ, ಮತ್ತೊಂದು ಬದಿಯಲ್ಲಿ ಆ ಬೆಳಕಿಗೆ ಸ್ಪಂದಿಸುವ ಸಣ್ಣ ಸ್ವಿಚ್ಚು ಇವೆ. ಎರಡನ್ನೂ ಜೋಡಿಸುವುದು ಬೆಳಕು ಮಾತ್ರ.

ಆ ಸಣ್ಣ ಸ್ವಿಚ್ಚು ಬಿಟಿ 136 ಟ್ರಯಾಕ್ ಎಂಬ ದೊಡ್ಡ ಸ್ವಿಚ್ಚನ್ನು ಎಚ್ಚರಗೊಳಿಸುತ್ತದೆ. ಎರಡೂ ದಿಕ್ಕಿನಲ್ಲಿ ವಿದ್ಯುತ್ ಹರಿಯಗೊಡುವ ಟ್ರಯಾಕ್, ಮನೆಯ ಪರ್ಯಾಯ ವಿದ್ಯುತ್ತಿಗೆ ಹೇಳಿ ಮಾಡಿಸಿದ ಸಾಧನ. 3063ಕ್ಕೆ ಇನ್ನೊಂದು ಗುಣವಿದೆ. ಪರ್ಯಾಯ ವಿದ್ಯುತ್ತಿನ ಅಲೆ ಶೂನ್ಯದ ಸಮೀಪ ಇರುವಾಗ ಮಾತ್ರ ಅದು ಸ್ವಿಚ್ಚನ್ನು ತೆರೆಯುತ್ತದೆ. ಇದರಿಂದ ರೇಡಿಯೊಗಳಲ್ಲಿ ಕರಕರ ಸದ್ದು ಕಡಿಮೆ, ಬಲ್ಬುಗಳಿಗೂ ಹೊಡೆತ ಕಡಿಮೆ. ಆದರೆ ಇದೇ ಕಾರಣದಿಂದ ಈ ಚಿಪ್ ಬಳಸಿ ದೀಪವನ್ನು ಮಂದಗೊಳಿಸಲು ಬರುವುದಿಲ್ಲ.

ಚಿಪ್ಪಿನ ಸಂಖ್ಯೆಯ ವಿಷಯದಲ್ಲಿ ರಾಜಿ ಸಲ್ಲದು. 230 ವೋಲ್ಟ್ ಎಂಬುದು ಒಂದು ಬಗೆಯ ಸರಾಸರಿ. ಅಲೆಯ ಶಿಖರ 325 ವೋಲ್ಟ್ ಮುಟ್ಟುತ್ತದೆ. 3063 ಚಿಪ್ 600 ವೋಲ್ಟ್ ತಾಳಬಲ್ಲದು, 5 ಮಿಲಿಆಂಪಿಯರ್ ಸಿಕ್ಕರೆ ಎಚ್ಚರಗೊಳ್ಳುತ್ತದೆ. ಅಂಗಡಿಗಳಲ್ಲಿ ಅದರ ಬದಲಿಗೆ ದೊರೆಯುವ ಎಂಓಸಿ 3021 ತಾಳುವುದು 400 ವೋಲ್ಟ್ ಮಾತ್ರ. ಜೊತೆಗೆ ಅದಕ್ಕೆ 15 ಮಿಲಿಆಂಪಿಯರ್‌ವರೆಗೂ ಬೇಕಾಗಬಹುದು.

ಬೇಕಾಗುವ ಸಾಮಗ್ರಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಇತರ ನಗರಗಳ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಲ್ಲಿ ಇವೆಲ್ಲ ದೊರೆಯುತ್ತವೆ.

* 555 ಮತ್ತು 4017 ಐಸಿ ತಲಾ ಒಂದು, ಅವುಗಳಿಗೆ ಐಸಿ ಬೇಸ್
* ಎಂಓಸಿ 3063, ಬಿಟಿ 136 (600 ವೋಲ್ಟಿನದು), ಬಿಸಿ 547 ಮತ್ತು ಸೂಚಕ ಎಲ್‌ಇಡಿ ತಲಾ ನಾಲ್ಕು
* ರೆಸಿಸ್ಟರುಗಳು: 10 ಕಿಲೊಓಂ ಆರು, 820 ಓಂ ನಾಲ್ಕು, ಅರ್ಧ ವ್ಯಾಟಿನ 360 ಓಂ ಎಂಟು
* 100 ಕಿಲೊಓಂ ಪಾಟ್ ಒಂದು
* ಕೆಪಾಸಿಟರುಗಳು: 25 ವೋಲ್ಟಿನ 10 ಮೈಕ್ರೊಫ್ಯಾರಡ್ ಒಂದು, 0.1 ಮೈಕ್ರೊಫ್ಯಾರಡ್ ಎರಡು, 0.01 ಮೈಕ್ರೊಫ್ಯಾರಡ್ ಒಂದು
* ಜನರಲ್ ಪರ್ಪಸ್ ಪಿಸಿಬಿ, 1 ಆಂಪಿಯರ್ ಫ್ಯೂಸ್ ಮತ್ತು ಹೋಲ್ಡರ್, ಸ್ಕ್ರೂ ಕನೆಕ್ಟರುಗಳು, ಮೂರು ಪಿನ್ನಿನ ಪ್ಲಗ್, ಪ್ಲಾಸ್ಟಿಕ್ ಪೆಟ್ಟಿಗೆ
* 12 ವೋಲ್ಟಿನ ಸಿದ್ಧ ಅಡಾಪ್ಟರ್

ಅಡಾಪ್ಟರನ್ನು ಬಿಐಎಸ್ ನೋಂದಣಿಯ ಗುರುತು ನೋಡಿಯೇ ಕೊಳ್ಳಬೇಕು. ಹಣ ಉಳಿಸಲೆಂದು ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರ್ ಮೂಲಕ ವೋಲ್ಟೇಜ್ ಇಳಿಸುವ ವಿಧಾನವೊಂದು ಚಾಲ್ತಿಯಲ್ಲಿದೆ. ಈ ಫಲಕಕ್ಕೆ ಅದು ಬೇಡವೇ ಬೇಡ. ಹಾಗೆ ಮಾಡಿದರೆ 12 ವೋಲ್ಟಿನ ಭಾಗವೂ ಮನೆಯ ವಿದ್ಯುತ್ತಿಗೆ ಅಂಟಿಕೊಳ್ಳುತ್ತದೆ. ಗಡಿ ಇದ್ದೂ ಇಲ್ಲದಂತಾಗುತ್ತದೆ.

ಜೋಡಣೆ: ಮೊದಲು ಗಡಿ ಗುರುತಿಸಿ

ಬೆಸುಗೆ ಹಾಕುವ ಮುನ್ನ ಪಿಸಿಬಿಯ ಮೇಲೆ ಒಂದು ಗೆರೆ ಎಳೆಯಬೇಕು. ಅದರ ಎಡಕ್ಕೆ 12 ವೋಲ್ಟ್, ಬಲಕ್ಕೆ 230 ವೋಲ್ಟ್. ಗೆರೆಯನ್ನು ದಾಟಿ ನಿಲ್ಲುವುದು ನಾಲ್ಕು ಆಪ್ಟೊಕಪ್ಲರುಗಳು ಮಾತ್ರ. ಅವುಗಳ ಎರಡು ಸಾಲು ಕಾಲುಗಳ ನಡುವೆ 7.62 ಮಿಲಿಮೀಟರ್ ಅಂತರವಿದೆ. ಆದರೆ ಆ ಅಂತರದಲ್ಲಿ ಪಿಸಿಬಿಯ ತಾಮ್ರದ ಎರಡು ಸಾಲು ಚುಕ್ಕೆಗಳು ಬರುತ್ತವೆ. ಅವನ್ನು ಚಾಕುವಿನಿಂದ ಕೆರೆದು ತೆಗೆಯದಿದ್ದರೆ ಅಂತರ ಹೆಸರಿಗೆ ಮಾತ್ರ ಉಳಿಯುತ್ತದೆ.

ಬೆಸುಗೆಗೆ 25 ವ್ಯಾಟಿನ ಐರನ್ ಸಾಕು. ಮೊದಲು ರೆಸಿಸ್ಟರುಗಳು, ಅನಂತರ ಐಸಿ ಬೇಸುಗಳು, ಕೆಪಾಸಿಟರುಗಳು, ಟ್ರಾನ್ಸಿಸ್ಟರುಗಳು. ಹೀಗೆ ಎತ್ತರ ಕಡಿಮೆಯಿರುವ ಭಾಗದಿಂದ ಎತ್ತರದ ಭಾಗಕ್ಕೆ ಹೋಗುವುದು ವಾಡಿಕೆ. ಐರನ್ನಿನ ತುದಿ ಕಾಲನ್ನೂ ತಾಮ್ರವನ್ನೂ ಒಟ್ಟಿಗೆ ಬಿಸಿ ಮಾಡಬೇಕು. ಸೋಲ್ಡರನ್ನು ಆ ಬಿಸಿಯಾದ ಜಾಗಕ್ಕೆ ತಾಗಿಸಬೇಕೇ ಹೊರತು ಐರನ್ನಿನಲ್ಲಿ ಕರಗಿಸಿ ಮೆತ್ತಬಾರದು. ಒಳ್ಳೆಯ ಬೆಸುಗೆ ಹೊಳೆಯುತ್ತದೆ, ಕಾಲಿನ ಸುತ್ತ ಇಳಿಜಾರಾಗಿ ಹರಡಿರುತ್ತದೆ. ಮಂಕಾಗಿ ಗೋಲಿಯಂತೆ ಕುಳಿತರೆ ಅದು ‘ಡ್ರೈ ಸೋಲ್ಡರ್’. ಹೊರಗೆ ಅಂಟಿದಂತೆ ಕಂಡರೂ ಒಳಗೆ ಸಂಪರ್ಕವಿರುವುದಿಲ್ಲ. ಸೋಲ್ಡರಿನಲ್ಲಿ ಸಾಮಾನ್ಯವಾಗಿ ಸೀಸವಿರುವುದರಿಂದ ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಮುಗಿದ ಮೇಲೆ ಕೈ ತೊಳೆಯುವುದು ಕಡ್ಡಾಯ.

555ರ 4 ಮತ್ತು 8ನೇ ಕಾಲುಗಳಿಗೆ 12 ವೋಲ್ಟ್, 1ನೇ ಕಾಲಿಗೆ ಗ್ರೌಂಡ್. 8 ಮತ್ತು 7ರ ನಡುವೆ 10 ಕಿಲೊಓಂ. 7 ಮತ್ತು 6ರ ನಡುವೆ 10 ಕಿಲೊಓಂ ಹಾಗೂ ಪಾಟ್ ಸರಣಿಯಲ್ಲಿ. 2 ಮತ್ತು 6ನ್ನು ಪರಸ್ಪರ ಜೋಡಿಸಿ, ಅಲ್ಲಿಂದ ಗ್ರೌಂಡಿಗೆ 10 ಮೈಕ್ರೊಫ್ಯಾರಡ್. ಅದರ ಧನ ತುದಿ 6ರ ಕಡೆಗಿರಬೇಕು. 5ನೇ ಕಾಲಿನಿಂದ ಗ್ರೌಂಡಿಗೆ 0.01 ಮೈಕ್ರೊಫ್ಯಾರಡ್. 3ನೇ ಕಾಲು 4017ರ 14ಕ್ಕೆ.

4017ರಲ್ಲಿ 16ಕ್ಕೆ 12 ವೋಲ್ಟ್, 8 ಮತ್ತು 13ಕ್ಕೆ ಗ್ರೌಂಡ್, 10ರಿಂದ 15ಕ್ಕೆ ಒಂದು ತಂತಿ. ನಾಲ್ಕು ಔಟ್‌ಪುಟ್‌ಗಳು ಕ್ರಮವಾಗಿ 3, 2, 4 ಮತ್ತು 7ನೇ ಕಾಲುಗಳು. ಎರಡೂ ಐಸಿಗಳ ವಿದ್ಯುತ್ ಕಾಲುಗಳ ಸಮೀಪದಲ್ಲಿಯೇ ತಲಾ ಒಂದು 0.1 ಮೈಕ್ರೊಫ್ಯಾರಡ್ ಇರಬೇಕು.

ಪ್ರತಿ ಔಟ್‌ಪುಟ್‌ನಿಂದ 10 ಕಿಲೊಓಂ ಮೂಲಕ ಬಿಸಿ 547ರ ಬೇಸ್‌ಗೆ ಸಂಪರ್ಕ. ಎಮಿಟರ್ ಗ್ರೌಂಡಿಗೆ. 12 ವೋಲ್ಟಿನಿಂದ 820 ಓಂ, ಸೂಚಕ ಎಲ್‌ಇಡಿ, ಆಪ್ಟೊಕಪ್ಲರಿನ 1 ಮತ್ತು 2ನೇ ಕಾಲುಗಳು, ಕೊನೆಗೆ ಟ್ರಾನ್ಸಿಸ್ಟರಿನ ಕಲೆಕ್ಟರ್. ಇವಿಷ್ಟೂ ಒಂದೇ ಸರಣಿ. ಇದರಲ್ಲಿ ಸುಮಾರು 10 ಮಿಲಿಆಂಪಿಯರ್ ಹರಿಯುತ್ತದೆ. ಸೂಚಕವೂ ಆಪ್ಟೊಕಪ್ಲರೂ ಒಂದೇ ಸರಣಿಯಲ್ಲಿರುವುದರಿಂದ ದೊಡ್ಡದೊಂದು ಅನುಕೂಲವಿದೆ. ಸೂಚಕ ಬೆಳಗಿತೆಂದರೆ ಗಡಿಯವರೆಗೆ ಸಂದೇಶ ತಲುಪಿದೆ ಎಂದೇ ಅರ್ಥ.

ಬಲಭಾಗದಲ್ಲಿ ಪ್ಲಗ್ಗಿನಿಂದ ಬರುವ ಫೇಸ್ ತಂತಿ ಫ್ಯೂಸ್ ಮೂಲಕ ನಾಲ್ಕೂ ಟ್ರಯಾಕುಗಳ ಮೊದಲ ಕಾಲಿಗೆ ಹೋಗುತ್ತದೆ. ಪ್ರತಿ ಟ್ರಯಾಕಿನ ನಡುವಿನ ಕಾಲು ತನ್ನ ಮಾಲೆಗೆ. ಮಾಲೆಗಳ ಮತ್ತೊಂದು ತುದಿ ನ್ಯೂಟ್ರಲಿಗೆ. ಆಪ್ಟೊಕಪ್ಲರಿನ 6ನೇ ಕಾಲು 360 ಓಂ ಮೂಲಕ ಟ್ರಯಾಕಿನ ನಡುವಿನ ಕಾಲಿಗೆ, 4ನೇ ಕಾಲು ನೇರವಾಗಿ ಮೂರನೆಯ ಕಾಲಾದ ಗೇಟಿಗೆ. ಗೇಟ್ ಮತ್ತು ಮೊದಲ ಕಾಲಿನ ನಡುವೆ ಇನ್ನೊಂದು 360 ಓಂ. ಆಪ್ಟೊಕಪ್ಲರಿನ 3 ಮತ್ತು 5ನೇ ಕಾಲುಗಳಿಗೆ ಏನನ್ನೂ ಜೋಡಿಸಬಾರದು. ದೀಪಗಳ ವಿದ್ಯುತ್ ಹರಿಯುವ ದಾರಿಗೆ ಪಿಸಿಬಿಯ ತೆಳು ತಾಮ್ರವನ್ನು ನಂಬದೆ ದಪ್ಪ ತಂತಿಯನ್ನೇ ಬಳಸಬೇಕು.

ಟ್ರಯಾಕಿನ ಬೆನ್ನಿನ ಲೋಹದ ತಗಡು ನಡುವಿನ ಕಾಲಿಗೆ ಒಳಗಿಂದಲೇ ಕೂಡಿಕೊಂಡಿದೆ. ಆದ್ದರಿಂದ ಅದನ್ನು ಸದಾ 230 ವೋಲ್ಟ್ ಎಂದೇ ಭಾವಿಸಬೇಕು. ಬಿಟಿ 136ರ ಸಾಮರ್ಥ್ಯ 4 ಆಂಪಿಯರ್ ಎಂದು ಬರೆದಿದ್ದರೂ ಹೀಟ್ ಸಿಂಕ್ ಇಲ್ಲದೆ ಅಷ್ಟನ್ನು ಹೊರಿಸಲಾಗದು. ಸಾಲಿಗೆ 100 ವ್ಯಾಟ್‌ಗೆ ಮಿತಿಗೊಳಿಸಿದರೆ ಅರ್ಧ ಆಂಪಿಯರಿಗಿಂತಲೂ ಕಡಿಮೆ ಹರಿಯುತ್ತದೆ, ಟ್ರಯಾಕ್ ತಣ್ಣಗಿರುತ್ತದೆ. ಒಮ್ಮೆಗೆ ಒಂದೇ ಸಾಲು ಉರಿಯುವುದರಿಂದ 1 ಆಂಪಿಯರ್ ಫ್ಯೂಸ್ ಧಾರಾಳವಾಗಿ ಸಾಕು.

ಎರಡು ಹಂತದ ಪರೀಕ್ಷೆ

ಮೊದಲ ಹಂತದಲ್ಲಿ 230 ವೋಲ್ಟಿನ ಪ್ಲಗ್ ಗೋಡೆಯ ಹತ್ತಿರವೂ ಸುಳಿಯಬಾರದು. ಐಸಿಗಳನ್ನು ಬೇಸಿಗೆ ಕೂರಿಸದೆ ಅಡಾಪ್ಟರ್ ಮಾತ್ರ ಜೋಡಿಸಿ, 555ರ ಬೇಸಿನಲ್ಲಿ 8 ಮತ್ತು 1ರ ನಡುವೆ, 4017ರ ಬೇಸಿನಲ್ಲಿ 16 ಮತ್ತು 8ರ ನಡುವೆ 12 ವೋಲ್ಟ್ ಇದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಬೇಕು. ಬಳಿಕ ಅಡಾಪ್ಟರ್ ತೆಗೆದು, ಕಚ್ಚಿನ ಗುರುತು ನೋಡಿ ಐಸಿ ಕೂರಿಸಬೇಕು. 4017 ಸಿಮಾಸ್ ಜಾತಿಯದು; ಮೈಯಲ್ಲಿನ ಸ್ಥಿರ ವಿದ್ಯುತ್ತಿಗೂ ಹಾಳಾಗಬಲ್ಲದು. ಮುಟ್ಟುವ ಮುನ್ನ ನಲ್ಲಿಯಂತಹ ಭೂಸಂಪರ್ಕವಿರುವ ಲೋಹವನ್ನೊಮ್ಮೆ ಮುಟ್ಟುವುದು ಲೇಸು.

ಅಡಾಪ್ಟರ್ ಮತ್ತೆ ಜೋಡಿಸಿದಾಗ ನಾಲ್ಕು ಸೂಚಕಗಳು ಸರದಿಯಂತೆ ಬೆಳಗಬೇಕು. ಆರಂಭದ ಕೆಲವು ಹೆಜ್ಜೆಗಳಲ್ಲಿ ಏನೂ ಬೆಳಗದಿದ್ದರೆ ಗಾಬರಿ ಬೇಡ. 4017 ಎಚ್ಚರವಾದಾಗ ಎಣಿಕೆಯ ನಡುವೆ ಎಲ್ಲಿಯಾದರೂ ಇರಬಹುದು. ಒಂದು ಸುತ್ತು ಮುಗಿಸಿ ಸರಿದಾರಿಗೆ ಬರುತ್ತದೆ.

ಸೂಚಕಗಳು ಸರಿಯಾಗಿ ಓಡಿದ ಮೇಲಷ್ಟೇ ಎರಡನೆಯ ಹಂತ. ಇಲ್ಲಿ ದುರಸ್ತಿ ಅಂಗಡಿಗಳ ಹಳೆಯ ಸಂಗಾತಿ ‘ಸೀರೀಸ್ ಬೋರ್ಡ್’ ನೆರವಿಗೆ ಬರುತ್ತದೆ. ಫೇಸ್ ತಂತಿಯ ದಾರಿಯಲ್ಲಿ 100 ವ್ಯಾಟಿನ ಫಿಲಮೆಂಟ್ ಬಲ್ಬೊಂದನ್ನು ಸರಣಿಯಲ್ಲಿ ಕೂರಿಸಿದ ಬೋರ್ಡ್ ಅದು. ಪ್ರತಿ ಸಾಲಿಗೆ 15 ವ್ಯಾಟಿನ ಒಂದೊಂದು ಬಲ್ಬ್ ಕಟ್ಟಿ, ಫಲಕವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಸೀರೀಸ್ ಬೋರ್ಡಿಗೆ ಪ್ಲಗ್ ಹಾಕಬೇಕು. ಸಣ್ಣ ಬಲ್ಬುಗಳು ಸರದಿಯಂತೆ ಬೆಳಗಿ ದೊಡ್ಡ ಬಲ್ಬ್ ಕಪ್ಪಾಗಿಯೇ ಉಳಿದರೆ ಎಲ್ಲವೂ ಸರಿ. ದೊಡ್ಡ ಬಲ್ಬ್ ಝಗ್ಗನೆ ಉರಿದರೆ ಎಲ್ಲೋ ಶಾರ್ಟ್ ಇದೆ. ಸ್ಫೋಟವಾಗಬೇಕಿದ್ದ ಜಾಗದಲ್ಲಿ ಬಲ್ಬ್ ಬೆಳಗಿತು, ಅಷ್ಟೆ.

ಲಕ್ಷಣ ನೋಡಿ ರೋಗ ಗುರುತಿಸಿ

ಫಲಕ ಕೆಲಸ ಮಾಡದಿದ್ದಾಗ ಮೊದಲ ಪ್ರಶ್ನೆ ಒಂದೇ: ಸೂಚಕಗಳು ಓಡುತ್ತಿವೆಯೇ? ಓಡದಿದ್ದರೆ ದೋಷ 12 ವೋಲ್ಟಿನ ಭಾಗದಲ್ಲಿದೆ. ಅದನ್ನು ಹುಡುಕಲು 230 ವೋಲ್ಟ್ ಬೇಕಿಲ್ಲ. ಓಡುತ್ತಿದ್ದರೆ ದೋಷ ಗಡಿಯಾಚೆ ಇದೆ. ಅದನ್ನು ಪ್ಲಗ್ ಕಿತ್ತ ಮೇಲೆ ಓಂ ಮಾಪನದಿಂದ ಹುಡುಕಬಹುದು. ಎರಡೂ ಸಂದರ್ಭಗಳಲ್ಲಿ ಜೀವಂತ ಫಲಕದೊಳಗೆ ಕೈಯಿಡುವ ಅಗತ್ಯವೇ ಬರುವುದಿಲ್ಲ.

ಯಾವ ಸೂಚಕವೂ ಬೆಳಗುತ್ತಿಲ್ಲ: ಅಡಾಪ್ಟರಿನ ಧನ–ಋಣ ಅದಲುಬದಲಾಗಿರಬಹುದು. ಐಸಿ ತಿರುಗುಮುರುಗಾಗಿ ಕೂತಿರಬಹುದು. ಕೆಲವೇ ಸೆಕೆಂಡಿನಲ್ಲಿ ಐಸಿ ಬಿಸಿಯಾದರೆ ಕೂಡಲೇ ಅಡಾಪ್ಟರ್ ತೆಗೆಯಬೇಕು.

ಒಂದೇ ಸೂಚಕ ಬೆಳಗಿ ನಿಂತಿದೆ: ಎಣಿಸುವವನಿಗೆ ತಾಳ ಕೇಳಿಸುತ್ತಿಲ್ಲ. 555ರ 3ನೇ ಕಾಲಿನಲ್ಲಿ ಮೀಟರ್ ಇಟ್ಟರೆ ವೋಲ್ಟೇಜ್ ಏರಿಳಿಯಬೇಕು. ಏರಿಳಿಯದಿದ್ದರೆ 2 ಮತ್ತು 6ರ ಜೋಡಣೆ, 10 ಮೈಕ್ರೊಫ್ಯಾರಡ್ ಕೆಪಾಸಿಟರ್, ಪಾಟ್ ಇವುಗಳ ಬೆಸುಗೆ ನೋಡಬೇಕು. ಏರಿಳಿಯುತ್ತಿದ್ದರೆ 4017ರ 13ನೇ ಕಾಲು ಗ್ರೌಂಡಿಗೆ ತಲುಪಿದೆಯೇ ಎಂದು ಪರೀಕ್ಷಿಸಬೇಕು. ನಿಂತಿರುವುದು ಮೊದಲ ಸೂಚಕವೇ ಆಗಿದ್ದರೆ 15ನೇ ಕಾಲು ಯಾವುದೋ ಕಾರಣಕ್ಕೆ 12 ವೋಲ್ಟಿಗೆ ತಾಗಿರುವ ಸಂಭವವೂ ಉಂಟು.

ಕೈ ಹತ್ತಿರ ತಂದರೆ ಓಟ ಬದಲಾಗುತ್ತದೆ: ಭೂತಚೇಷ್ಟೆಯಂತೆ ಕಾಣುವ ಈ ಲಕ್ಷಣದ ಕಾರಣ ಸರಳ. 4017ರ 13, 14 ಅಥವಾ 15ನೇ ಕಾಲುಗಳಲ್ಲಿ ಒಂದು ಎಲ್ಲಿಗೂ ಸಂಪರ್ಕವಿಲ್ಲದೆ ತೇಲುತ್ತಿದೆ. ಸಿಮಾಸ್ ಚಿಪ್ಪಿನ ತೇಲುವ ಕಾಲು ಆಂಟೆನಾದಂತೆ ವರ್ತಿಸುತ್ತದೆ. ಆ ಬೆಸುಗೆಗಳನ್ನು ಮತ್ತೊಮ್ಮೆ ಕಾಯಿಸಿದರೆ ಸಾಕು.

ಸೂಚಕಗಳು ಹೆಜ್ಜೆ ತಪ್ಪಿ ಜಿಗಿಯುತ್ತವೆ: 555 ಸ್ಥಿತಿ ಬದಲಿಸುವಾಗ ವಿದ್ಯುತ್ ದಾರಿಯಲ್ಲಿ ಕ್ಷಣಿಕ ಕುಲುಕಾಟ ಉಂಟಾಗುತ್ತದೆ. ಎಣಿಕೆಯ ಚಿಪ್ ಅದನ್ನೂ ಒಂದು ಮಿಡಿತವೆಂದು ಭ್ರಮಿಸುತ್ತದೆ. 0.1 ಮೈಕ್ರೊಫ್ಯಾರಡ್ ಕೆಪಾಸಿಟರುಗಳನ್ನು ಕೈಬಿಟ್ಟಿದ್ದರೆ ಅಥವಾ ದೂರ ಇಟ್ಟಿದ್ದರೆ ಹೀಗಾಗುತ್ತದೆ.

ಸರದಿ ಅಸ್ತವ್ಯಸ್ತ: 4017ರ ಔಟ್‌ಪುಟ್‌ಗಳು ಕಾಲಿನ ಸಂಖ್ಯೆಯ ಕ್ರಮದಲ್ಲಿಲ್ಲ. ಮೊದಲನೆಯದು 3ನೇ ಕಾಲು, ಎರಡನೆಯದು 2. ಹೊಸಬರು ಎಡವುವುದು ಇಲ್ಲಿ.

ಒಂದು ಸೂಚಕ ಮಾತ್ರ ಬೆಳಗುವುದಿಲ್ಲ: ಆ ಸಾಲಿನ ಸರಣಿಯಲ್ಲಿ ಯಾವುದೋ ಒಂದು ತಿರುಗಿದೆ. ಬಿಸಿ 547ರ ಚಪ್ಪಟೆ ಮುಖ ತಮ್ಮೆಡೆಗಿಟ್ಟು ನೋಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಆ ಸಾಲಿನ ಸರದಿ ಬಂದಾಗ ಬೇಸ್‌ನಲ್ಲಿ ಸುಮಾರು 0.7 ವೋಲ್ಟ್ ಇರಬೇಕು. ಬೇಸ್ ಸರಿಯಿದ್ದೂ ಬೆಳಗದಿದ್ದರೆ ಎಲ್‌ಇಡಿ ಅಥವಾ ಆಪ್ಟೊಕಪ್ಲರ್ ಉಲ್ಟಾ ಕೂತಿದೆ.

ಸೂಚಕ ಬೆಳಗುತ್ತದೆ, ಮಾಲೆ ಬೆಳಗುವುದಿಲ್ಲ: ಪ್ಲಗ್ ಕಿತ್ತು ಮೊದಲು ಫ್ಯೂಸ್, ಅನಂತರ ಮಾಲೆಯನ್ನೇ ಪರೀಕ್ಷಿಸಬೇಕು. ಫಿಲಮೆಂಟ್ ಮಾಲೆಯಲ್ಲಿ ಒಂದು ಬಲ್ಬ್ ಹೋದರೆ ಇಡೀ ಸರಣಿ ಆರುತ್ತದೆ. ಮಾಲೆ ಸರಿಯಿದ್ದರೆ 360 ಓಂ ರೆಸಿಸ್ಟರುಗಳು, ಟ್ರಯಾಕಿನ ಕಾಲುಗಳ ಕ್ರಮ ನೋಡಬೇಕು. 3063ರ ಜಾಗದಲ್ಲಿ 3021 ಕೂತಿದ್ದರೆ 10 ಮಿಲಿಆಂಪಿಯರಿಗೆ ಅದು ಎಚ್ಚರಗೊಳ್ಳದಿರಬಹುದು.

ಮಾಲೆ ಆರುವುದೇ ಇಲ್ಲ: ಟ್ರಯಾಕ್ ಸತ್ತಿದೆ. ಟ್ರಯಾಕ್ ಸಾಮಾನ್ಯವಾಗಿ ಸಾಯುವುದು ಮುಚ್ಚಿದ ಸ್ವಿಚ್ಚಿನಂತೆ. ಪ್ಲಗ್ ಕಿತ್ತು, ಮಾಲೆ ಕಳಚಿ ಮೊದಲ ಮತ್ತು ನಡುವಿನ ಕಾಲಿನ ನಡುವೆ ಅಳೆದಾಗ ಶೂನ್ಯಕ್ಕೆ ಸಮೀಪದ ಓಂ ಬಂದರೆ ಅದನ್ನು ಬದಲಿಸಬೇಕು. ಅತಿ ಭಾರ ಹೇರಿದ್ದು ಅಥವಾ ಫಿಲಮೆಂಟ್ ಬಲ್ಬ್ ಸುಡುವಾಗ ಕ್ಷಣಕಾಲ ಹರಿದ ಭಾರೀ ವಿದ್ಯುತ್ ಇದಕ್ಕೆ ಕಾರಣ.

ಎರಡು ಮಾಲೆ ಒಟ್ಟಿಗೆ ಬೆಳಗುತ್ತವೆ: ಅಕ್ಕಪಕ್ಕದ ಟ್ರಯಾಕುಗಳ ತಗಡುಗಳು ತಾಗಿವೆ, ಇಲ್ಲವೇ ಎರಡಕ್ಕೂ ಒಂದೇ ಹೀಟ್ ಸಿಂಕ್ ಹಾಕಲಾಗಿದೆ.

ಎಲ್‌ಇಡಿ ಮಾಲೆ ಆರಿದಾಗಲೂ ಮಿಣುಕುತ್ತದೆ: ಹಲವು ಸಿದ್ಧ ಫಲಕಗಳಲ್ಲಿ ಟ್ರಯಾಕಿಗೆ ಸಮಾಂತರವಾಗಿ ‘ಸ್ನಬ್ಬರ್’ ಎಂಬ ರೆಸಿಸ್ಟರ್–ಕೆಪಾಸಿಟರ್ ಜೋಡಿ ಇರುತ್ತದೆ. 0.01 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೂಡ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಸುಮಾರು 0.7 ಮಿಲಿಆಂಪಿಯರ್ ಸೋರಗೊಡುತ್ತದೆ. ಫಿಲಮೆಂಟ್ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಎಲ್‌ಇಡಿಗೆ ಬೆಳಗಲು ಅಷ್ಟು ಸಾಕು. ಇದಕ್ಕೆ ವಿರುದ್ಧವಾಗಿ, ಬೆಳಗುವಾಗ ಮಾಲೆ ಅದುರಿದರೆ ಅದು ಎಳೆಯುವ ವಿದ್ಯುತ್ ಟ್ರಯಾಕನ್ನು ಎಚ್ಚರವಾಗಿಡಲು ಸಾಲುತ್ತಿಲ್ಲ ಎಂದರ್ಥ. ಎರಡಕ್ಕೂ ಮದ್ದು ಒಂದೇ: ಮಾಲೆಗೆ ಸಮಾಂತರವಾಗಿ 15 ವ್ಯಾಟಿನ ಒಂದು ಫಿಲಮೆಂಟ್ ಬಲ್ಬ್. ತನ್ನದೇ ಆಟದ ಪೆಟ್ಟಿಗೆ ಇರುವ ಎಲ್‌ಇಡಿ ಮಾಲೆಯನ್ನು ಮಾತ್ರ ಈ ಫಲಕಕ್ಕೆ ಜೋಡಿಸಬಾರದು. ಫ್ಯಾನ್, ಮೋಟಾರುಗಳಿಗೂ ಇದು ಹೊಂದುವುದಿಲ್ಲ.

ಆರಿದ ದೀಪ, ಸಾಯದ ತಂತಿ

ಟ್ರಯಾಕ್ ಸ್ವಿಚ್ಚಿನ ಕೆಲಸ ಮಾಡಿದರೂ ಗೋಡೆಯ ಸ್ವಿಚ್ಚಿನಂತೆ ತಂತಿಯನ್ನು ಬೇರ್ಪಡಿಸುವುದಿಲ್ಲ. ಆರಿದ ಸಾಲಿನಲ್ಲೂ ಅಲ್ಪ ಸೋರಿಕೆ ಇರುತ್ತದೆ. ಮುಂದಿನ ಸೆಕೆಂಡಿನಲ್ಲಿ ಅದರ ಸರದಿ ಬಂದರೆ ಪೂರ್ಣ 230 ವೋಲ್ಟ್ ಹರಿಯುತ್ತದೆ. ಆದ್ದರಿಂದ ‘ಈ ಸಾಲು ಆರಿದೆ’ ಎಂದು ಬಲ್ಬ್ ಬದಲಿಸಲು ಕೈ ಹಾಕುವುದು ಪ್ರಾಣಕ್ಕೆ ಎರವಾಗಬಲ್ಲದು. ಪ್ಲಗ್ ಗೋಡೆಯಿಂದ ಹೊರಬಂದು ಕಣ್ಣಿಗೆ ಕಾಣುವಂತಿದ್ದರೆ ಮಾತ್ರ ತಂತಿ ಮುಟ್ಟಬಹುದು.

ಎರಡು ಪಿನ್ನಿನ ಪ್ಲಗ್ ಬೇಡವೆನ್ನುವುದಕ್ಕೂ ಇದೇ ಕಾರಣ. ಅದನ್ನು ಹೇಗೆ ಬೇಕಾದರೂ ತಿರುಗಿಸಿ ಚುಚ್ಚಬಹುದು. ತಿರುಗಿಸಿ ಚುಚ್ಚಿದಾಗ ಫ್ಯೂಸ್ ಮತ್ತು ಟ್ರಯಾಕುಗಳು ನ್ಯೂಟ್ರಲ್ ದಾರಿಯಲ್ಲಿ ಬೀಳುತ್ತವೆ. ಆಗ ದೀಪ ಆರಿದ್ದರೂ, ಫ್ಯೂಸ್ ಹೋಗಿದ್ದರೂ ಇಡೀ ಮಾಲೆಯಲ್ಲಿ ಫೇಸ್ ನಿಂತಿರುತ್ತದೆ. ಮೂರು ಪಿನ್ನಿನ ಪ್ಲಗ್ ಹಾಗೂ ಸರಿಯಾಗಿ ವೈರಿಂಗ್ ಆದ ಸಾಕೆಟ್ ಇದ್ದರೆ ಈ ಅಪಾಯವಿಲ್ಲ.

ಮಂಟಪ, ಚಪ್ಪರಗಳಲ್ಲಿ ಕಬ್ಬಿಣದ ಕಂಬಗಳು, ಒದ್ದೆ ನೆಲ, ಓಡಾಡುವ ಮಕ್ಕಳು ಎಲ್ಲವೂ ಒಂದೆಡೆ ಸೇರುತ್ತವೆ. ಗಣೇಶನ ಹಬ್ಬ ಬರುವುದು ಮಳೆಗಾಲದಲ್ಲಿ. ಇಂತಹ ಕಡೆ ದೀಪಾಲಂಕಾರದ ಇಡೀ ಸಂಪರ್ಕ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮೂಲಕ ಬರಬೇಕು. ತಂತಿಯಿಂದ ನೆಲಕ್ಕೆ ವಿದ್ಯುತ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುವ ಸಾಧನವಿದು. ಫ್ಯೂಸ್ ಆ ಕೆಲಸ ಮಾಡುವುದಿಲ್ಲ. ಮನುಷ್ಯನ ಜೀವ ತೆಗೆಯುವಷ್ಟು ವಿದ್ಯುತ್ತಿಗೆ 1 ಆಂಪಿಯರ್ ಫ್ಯೂಸ್ ಕರಗುವುದೇ ಇಲ್ಲ. ಸಾರ್ವಜನಿಕ ಸ್ಥಳಕ್ಕೆ ವಿದ್ಯುತ್ ಸರಬರಾಜು ಕಂಪನಿಯಿಂದ ತಾತ್ಕಾಲಿಕ ಸಂಪರ್ಕ ಪಡೆದು, ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ವೈರಿಂಗ್ ಮಾಡಿಸಬೇಕು. ಮನೆಯಲ್ಲಿ ಕಟ್ಟಿದ ಫಲಕ ಮನೆಯೊಳಗಿನ, ಮಳೆ ತಾಗದ ಜಾಗಕ್ಕೆ ಮೀಸಲಾಗಿರಲಿ.

ಹೊರಾಂಗಣ ಅಲಂಕಾರಕ್ಕೆ ಇಂದು ಬೇರೊಂದು ದಾರಿಯೂ ಇದೆ. 5 ಅಥವಾ 12 ವೋಲ್ಟಿನ ಪಿಕ್ಸೆಲ್ ಎಲ್‌ಇಡಿ ಪಟ್ಟಿಗಳಲ್ಲಿ ಪ್ರತಿ ದೀಪವನ್ನೂ ಪ್ರತ್ಯೇಕವಾಗಿ ನಿಯಂತ್ರಿಸಬಹುದು. ಇಎಸ್‌ಪಿ 32ರಂತಹ ಪುಟ್ಟ ಫಲಕ ಹಾಗೂ ಡಬ್ಲ್ಯುಎಲ್‌ಇಡಿ ಎಂಬ ಮುಕ್ತ ತಂತ್ರಾಂಶ ಇದ್ದರೆ ಮೊಬೈಲಿನಿಂದಲೇ ಬಣ್ಣ ಬದಲಿಸಬಹುದು. ದೀಪದ ತಂತಿಯಲ್ಲಿ 230 ವೋಲ್ಟ್ ಇರುವುದೇ ಇಲ್ಲ. ಆದರೆ ಆ ಪಟ್ಟಿಗಳಿಗೆ ವಿದ್ಯುತ್ ಒದಗಿಸುವ ಸಪ್ಲೈಯೊಳಗೆ ಅದೇ ಗಡಿ ಮತ್ತೆ ಇದೆ. ಮಳೆಯಿಂದ ಅದನ್ನು ಕಾಯುವ ಹೊಣೆ ಅಲಂಕಾರ ಮಾಡುವವರದೇ.